ಗೇಟು ಇದ್ದ ಹಾಗೆ

ಸೆಪ್ಟೆಂಬರ್ 8, ಸೋಮವಾರ. ಬೆಡ್‌ಫರ್ಡ್ ಪಾರ್ಕ್, ಅಡಿಲೇಡ್

ಬೆಳಗಿನ ಶಿಫ್ಟ್. ಲ್ಯಾಬಿನ ದೊಡ್ಡ ಮೆಶೀನ್ ಮತ್ತೆ ಕೈಕೊಟ್ಟಿತು. ರಕ್ತದ ಸ್ಯಾಂಪಲ್‌ಗಳನ್ನೆಲ್ಲ ಇನ್ನೊಂದು ಸಲ ಹಾಕಬೇಕಾಯಿತು. ಟೀ ರೂಮಿನಲ್ಲಿ ಯಾರೂ ಇರಲಿಲ್ಲ. ಪುಸ್ತಕ ತೆಗೆದೆ. ಫಿನ್‌ಲೆಂಡಿನ ಕಾದಂಬರಿ, ಇಂಗ್ಲಿಷಿಗೆ ಬಂದದ್ದು. ಎಂದಿನಂತೆ ಮೊದಲು ಅನುವಾದಕಿಯ ಟಿಪ್ಪಣಿ. ಮೂಲದಲ್ಲಿ ಜನ ಹೆಚ್ಚು ಮಾತಾಡುವುದಿಲ್ಲ, ನಾನೂ ಆಡಿಸಿಲ್ಲ ಎಂದು ಬರೆದಿದ್ದಾಳೆ. ನಂಬಬಹುದಾದ ಹೆಂಗಸು.

ಮನೆಗೆ ಬಂದರೆ ಏಜೆಂಟಿನ ಮೇಲ್. ಬಾಡಿಗೆ ಯೂನಿಟ್ಟಿನ ಲೀಸ್ ಈ ಅಕ್ಟೋಬರ್ ಕೊನೆಗೆ ಮುಗಿಯುತ್ತದೆ. ಇರುತ್ತೀರಾ, ಬಿಡುತ್ತೀರಾ — ಅಕ್ಟೋಬರ್ ಹತ್ತರೊಳಗೆ ತಿಳಿಸಿ.

ಮೂರು ಸಲ ಮುಂದುವರಿಸಿದ್ದಾಯಿತು. ಪ್ರತಿ ಸಲ ‘ಇದೊಂದು ವರ್ಷ’ ಎಂದುಕೊಂಡು. ಈ ಕೆಲಸ ಸಿಕ್ಕಿ ಪರ್ತ್ ಬಿಟ್ಟು ಹೊರಟಾಗ ಇವರು ಏರ್‌ಪೋರ್ಟಿನಲ್ಲಿ ಹೇಳಿದ್ದು, “ನೀನು ಮೊದಲು ಹೋಗಿರು ವೇಣಿ, ಈ ಪ್ರಾಜೆಕ್ಟ್ ಮುಗಿಸಿ ಹಿಂದೇನೇ ಬರ್ತೀನಿ.” ಆ ಪ್ರಾಜೆಕ್ಟ್ ಮುಗಿಯಿತು. ಇನ್ನೊಂದು ಶುರುವಾಯಿತು. ಅದೂ ಮುಗಿಯಿತು. ಇವರು ಈಗಲೂ ಪರ್ತಿನ ವಿಲೆಟನ್ ಮನೆಯಲ್ಲಿ. ಮಗಳು ತನು ಬ್ರಿಸ್ಬೇನಿನಲ್ಲಿ, ಟೂವಾಂಗಿನ ಒಂದು ಶೇರ್ ಹೌಸಿನಲ್ಲಿ. ನಾನು ಇಲ್ಲಿ. ಯಾರೂ ಜಗಳ ಆಡಿಲ್ಲ. ಕೇಳಿದವರಿಗೆ ಏನು ಹೇಳುವುದೆಂದು ಇವತ್ತಿಗೂ ಗೊತ್ತಾಗುವುದಿಲ್ಲ.

ಈ ಸಲ ಕೇಳಿಬಿಡಬೇಕು. ಫೋನಿನಲ್ಲಲ್ಲ, ಎದುರಿಗೆ. ತನು ಟ್ರಿಪ್ ಬುಕ್ ಮಾಡಿದ್ದಾಳೆ — ಗಾಲರ್ ರೇಂಜಸ್. ಹಳೇ ಜ್ವಾಲಾಮುಖಿಗಳ ಬೆಟ್ಟಸಾಲು, ಟಾರ್ ರೋಡಿಲ್ಲ, ಫೋನ್ ಸಿಗ್ನಲ್ ಇಲ್ಲ. ಮೂವರೂ ಕಿಂಬಾ ಎಂಬ ಊರಿನಲ್ಲಿ ಸೇರುವುದು. ‘ಆಸ್ಟ್ರೇಲಿಯಾದ ಅರ್ಧದಾರಿ’ ಎಂದು ಆ ಊರಲ್ಲಿ ಬೋರ್ಡೇ ಇದೆಯಂತೆ. ಅವಳ ಜೋಕು.

ಸೆಪ್ಟೆಂಬರ್ 19, ಶುಕ್ರವಾರ

ತನು ಬರುವುದಿಲ್ಲ.

“ಮಮ್, ಪ್ಲೇಸ್‌ಮೆಂಟ್ ಡೇಟ್ಸ್ ಚೇಂಜ್ಡ್. ಐ ಕಾಂಟ್.”

“ಹಾಗಾದ್ರೆ ಮುಂದಕ್ಕೆ ಹಾಕೋಣ. ಡಿಸೆಂಬರ್‌ನಲ್ಲಿ ಹೋಗೋಣ.”

“ನೋ. ಡಿಸೆಂಬರ್‌ನಲ್ಲಿ ಇಟ್ಸ್ ಆ್ಯನ್ ಓವನ್ ದೇರ್. ಯೂ ಟೂ ಜಸ್ಟ್ ಗೋ.”

“ನಾವಿಬ್ರೇನಾ?”

“ಮಮ್. ಹೀ ಈಸ್ ಯುವರ್ ಹಸ್ಬೆಂಡ್.”

ಕೋರ್ಸಿನ ಪ್ಲೇಸ್‌ಮೆಂಟ್ ತರಬೇತಿಯ ವಿಷಯ ನಿಜವೋ ಅಲ್ಲವೋ ಕೇಳಲಿಲ್ಲ. ಕೇಳದೆ ಇರುವುದನ್ನು ಅವಳು ನಮ್ಮಿಬ್ಬರಿಂದಲೇ ಕಲಿತದ್ದು. ನಾವೂ ಅವಳಿಂದ ತಿರುಗಿ ಕಲಿಯುತ್ತಿದ್ದೇವೆ.

ಸೆಪ್ಟೆಂಬರ್ 28, ಭಾನುವಾರ

ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ, ಎರಡು ಸ್ವೆಟರ್. ಪುಸ್ತಕ ಒಂದೇ.

ಕೇಳಬೇಕಾದ ಮಾತನ್ನು ಬಾಯಿಬಿಟ್ಟು ಒಂದು ಸಲ ಹೇಳಿ ನೋಡಿದೆ. “ರೀ, ನೀವು ಅಡಿಲೇಡಿಗೆ ಬರ್ತೀರೋ ಇಲ್ವೋ?” ಖಾಲಿ ಅಡುಗೆಮನೆಯಲ್ಲಿ, ಏಜೆಂಟು ಬಾಡಿಗೆದಾರರನ್ನು ಕೇಳಿದ ಹಾಗಿತ್ತು.

ಸಂಜೆ ಇವರ ಫೋನ್, ದಾರಿಯಲ್ಲೆಲ್ಲೋ ಒಂದು ರೋಡ್‌ಹೌಸಿನಿಂದ. ನಲ್ಲಾರ್ಬರ್ ಬಯಲು ದಾಟುತ್ತಿದ್ದಾರೆ. ಪ್ರತಿ ಭಾನುವಾರದ ಕ್ರಮ ತಪ್ಪಲಿಲ್ಲ. ಶುರುವಿಗೆ, “ಯಾವ ದೇಶದಲ್ಲಿದೀಯ?” — ನಾನು ಓದುತ್ತಿರುವ ಕಾದಂಬರಿಯ ದೇಶ. “ಫಿನ್‌ಲೆಂಡ್.” “ಇನ್ನೂ ಅಲ್ಲೇನಾ? ಚಳಿ ಹತ್ತೀತು.” ಹವೆ, ಪೆಟ್ರೋಲು, ತನು. ಕೊನೆಗೆ, “ಬಾಗಿಲು ಹಾಕಿದೀಯಾ?” “ಹಾಕಿದೀನಿ.” ಅಲ್ಲಿಗೆ ಮುಗಿಯಿತು.

ಸೆಪ್ಟೆಂಬರ್ 29, ಸೋಮವಾರ. ಕಿಂಬಾ

ನಾನು ಮೊದಲು ತಲುಪಿದೆ. ಮೋಟೆಲಿನ ಹಿಂದೆ ನನ್ನ ಪುಟ್ಟ ಕಾರು ನಿಲ್ಲಿಸಿ, ಅರ್ಧದಾರಿಯ ಬೋರ್ಡಿನ ಹತ್ತಿರ ಹೋಗಿ ನಿಂತೆ. ಪಕ್ಕದಲ್ಲಿ ಮನೆಯಷ್ಟು ಎತ್ತರದ ಗುಲಾಬಿ ಗಿಣಿಯ ಪ್ರತಿಮೆ. ಬಣ್ಣ ಮಾಸಿದೆ. ಇವರ ಬಿಳೀ ಪ್ರಾಡೊ ಗಾಡಿ ಬಂದು ನಿಂತಾಗ, ಧೂಳಿಗೆ, ಬಿಳಿ ಎಂದು ಹೇಳುವ ಹಾಗಿರಲಿಲ್ಲ.

ಇವರು ಇಳಿದರು. ಮೀಸೆ ಬೋಳಿಸಿದ್ದಾರೆ. ಫೋನಿನಲ್ಲಿ ಹೇಳಿರಲಿಲ್ಲ. ಒಬ್ಬರ ಎದುರು ಒಬ್ಬರು ನಿಂತೆವು. ಕಡೆಗೆ ಇವರು ನನ್ನ ಚೀಲ ಇಸಿದುಕೊಂಡರು.

“ನಿಂಬೆಹಣ್ಣು ತಂದಿದ್ದೆ ಕಣೆ. ನಮ್ಮ ಗಿಡದ್ದು. ನಾಡಿದ್ದು ಆಯುಧಪೂಜೆ ಅಲ್ವಾ, ಗಾಡಿಗೆ ಅಂತ. ಸೆಡೂನಾ ಚೆಕ್‌ಪೋಸ್ಟಲ್ಲಿ ಎಲ್ಲಾ ಬಿನ್‌ಗೆ ಹಾಕಿಸಿದ್ರು.”

“ರಾಜ್ಯದ ಗಡಿಯಲ್ಲಿ ಹಣ್ಣು ಒಳಗೆ ಬಿಡಲ್ಲ ಅಂತ ಗೊತ್ತಿರ್ಲಿಲ್ವಾ?”

“ಗೊತ್ತಿತ್ತು.”

ವಿಲೆಟನ್ ಮನೆಯ ಹಿತ್ತಲಿನ ಗಿಡ. ನಾನೇ ನೆಟ್ಟದ್ದು. ಒಂದು ಚೀಲ ತುಂಬ ಇತ್ತಂತೆ. ಆಫೀಸರು ಹುಡುಗಿ ಸಾರಿ ಸಾರಿ ಎನ್ನುತ್ತಲೇ ಒಂದೊಂದಾಗಿ ಬಿಸಾಡಿದಳಂತೆ.

ಇಲ್ಲಿನ ಅಂಗಡಿಯಲ್ಲಿ ನಿಂಬೆಹಣ್ಣಿರಲಿಲ್ಲ. ನಿಂಬೆರಸ ತುಂಬಿದ, ನಿಂಬೆಹಣ್ಣಿನ ಆಕಾರದ ಪ್ಲಾಸ್ಟಿಕ್ ಬಾಟಲಿ ಇತ್ತು. ಇವರು ಅದನ್ನೇ ಕೊಂಡರು. “ದೇವರು ಅಡ್ಜಸ್ಟ್ ಮಾಡ್ಕೋತಾನೆ.”

ರಾತ್ರಿ ಮಂಚದ ಎರಡು ಅಂಚಿನಲ್ಲಿ ಮಲಗಿದೆವು, ಮಧ್ಯೆ ತನು ಮಲಗಿದ್ದಾಳೆಂಬ ಹಾಗೆ.

ಸೆಪ್ಟೆಂಬರ್ 30, ಮಂಗಳವಾರ. ಕ್ಯಾಂಪ್

ಟಾರ್ ಮುಗಿದ ಕಡೆ ಇವರು ಟಯರುಗಳ ಗಾಳಿ ಇಳಿಸಿದರು. ಮಣ್ಣುದಾರಿಯಲ್ಲಿ ಮೆತ್ತಗಿರಬೇಕಂತೆ. ಕುಕ್ಕರಗಾಲಿನಲ್ಲಿ ಕೂತು ಮೀಟರ್ ನೋಡುತ್ತಿದ್ದವರ ನೆತ್ತಿಯ ಕೂದಲು ತೆಳುವಾಗಿದೆ. ಅದನ್ನು ಮೇಲಿನಿಂದ ನೋಡಿ ಎಷ್ಟು ಕಾಲವಾಗಿತ್ತು.

ಕೆಂಪು ಮಣ್ಣು, ಬೂದುಬಣ್ಣದ ಪೊದೆ. ದಾರಿ ಕುರಿ ಸಾಕುವವರ ಜಮೀನುಗಳ ಮಧ್ಯೆ ಹೋಗುತ್ತದೆ. ಒಂದೊಂದು ಜಮೀನೂ ಒಂದು ತಾಲ್ಲೂಕಿನಷ್ಟು. ಅಲ್ಲಲ್ಲಿ ದಾರಿಗೆ ಅಡ್ಡ ಕಬ್ಬಿಣದ ಗೇಟು. ಪಕ್ಕದಲ್ಲಿ ಕೂತವರು ಇಳಿದು ತೆಗೆಯಬೇಕು, ಗಾಡಿ ದಾಟಿದ ಮೇಲೆ ನೋಡಿ ಹತ್ತಬೇಕು.

“ನಿಯಮ ಒಂದೇ,” ಎಂದರು ಇವರು ಮೊದಲನೇ ಗೇಟಿನಲ್ಲಿ. “ಗೇಟು ಹೆಂಗಿತ್ತೋ ಹಂಗೇ ಬಿಡೋದು. ಹಾಕಿದ್ರೆ ಹಾಕು. ತೆಗೆದಿದ್ರೆ ತೆಗೆದೇ ಇರ್ಲಿ.”

“ಒಬ್ರೇ ಬಂದ್ರೆ?”

“ಎರಡೆರಡು ಸಲ ಇಳೀಬೇಕು. ತೆಗೆಯೋಕೊಂದ್ಸಲ, ಹಾಕೋಕೊಂದ್ಸಲ. ನಾನು ಹಂಗೇ ಓಡಾಡೋದು.”

ಇದನ್ನು ದೂರಿನಂತೆ ಹೇಳಲಿಲ್ಲ.

ಮೂರೋ ನಾಲ್ಕೋ ಗೇಟು ದಾಟಿದ ಮೇಲೆ ಇವರು ರೇಡಿಯೊ ಸಣ್ಣ ಮಾಡಿದರು. “ವೇಣಿ, ನಿನ್ನ ಹತ್ರ ಒಂದ್ ಮಾತು…” ಅಷ್ಟರಲ್ಲಿ ಇನ್ನೊಂದು ಗೇಟು, ದೊಡ್ಡದೊಂದು ನೀರಿನ ಹೊಂಡದ ಪಕ್ಕ. ಗಾಡಿ ನಿಧಾನವಾದ ಕೂಡಲೇ ಇಳಿದುಬಿಟ್ಟೆ. ಇವರು ದಾಟಿಸಿದರು. ನಾನು ಗೇಟು ಎಳೆದು, ಚಿಲಕ ಹಾಕಿ, ಎರಡು ಸಲ ಅಲ್ಲಾಡಿಸಿ ನೋಡಿ ಬಂದೆ. ಹತ್ತಿದಾಗ ಇವರು ಕನ್ನಡಿ ನೋಡುತ್ತಿದ್ದರು.

“ಏನೋ ಹೇಳ್ತಿದ್ರಿ.”

“ಏನಿಲ್ಲ. ಸಂಜೆ ಹೇಳ್ತೀನಿ.”

ಸಂಜೆ ಟೆಂಟ್ ಹಾಕಿದೆವು, ಪುಳಿಯೋಗರೆ ಕಲಸಿದೆ. ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅಕ್ಟೋಬರ್ 1, ಬುಧವಾರ

ಬೆಳಿಗ್ಗೆ ಆಯುಧಪೂಜೆ. ಒದ್ದೆ ಬಟ್ಟೆಯಲ್ಲಿ ಪ್ರಾಡೊದ ಮುಖ ಒರೆಸಿದೆ. ಕುಂಕುಮ ನನ್ನ ಪರ್ಸಿನದು. ಊದುಬತ್ತಿ ಗಾಳಿಗೆ ನಿಲ್ಲಲಿಲ್ಲ. ಇವರು ಮುಂದಿನ ಟಯರಿನ ಕೆಳಗೆ ಪ್ಲಾಸ್ಟಿಕ್ ನಿಂಬೆಯಿಟ್ಟು, ಗಂಭೀರವಾಗಿ ಗಾಡಿ ಹತ್ತಿ, ಒಂದಡಿ ಮುಂದೆ ಬಿಟ್ಟರು. ಟಪ್ಪೆಂದು ಹಾರಿ ರಸವೆಲ್ಲ ನನ್ನ ಸೀರೆಗೆ — ಹಬ್ಬವೆಂದು ಆ ಧೂಳಿನಲ್ಲೂ ಕಾಟನ್ ಸೀರೆ ಉಟ್ಟಿದ್ದೆ.

ಪಕ್ಕದ ಕ್ಯಾಂಪಿನ ಮುದುಕ ಬಿಯರ್ ಹಿಡಿದು ನೋಡುತ್ತಿದ್ದವನು ಕೇಳಿದ, “ಡಸ್ ಇಟ್ ವರ್ಕ್, ಮೇಟ್?”

“ಟಚ್‌ವುಡ್, ನೋ ಪಂಕ್ಚರ್ ಸಿನ್ಸ್ ಮೈಸೂರು,” ಎಂದರು ಇವರು.

ಇಬ್ಬರೂ ನಕ್ಕೆವು. ಒಂದೇ ಹೊತ್ತಿಗೆ. ಚಪ್ಪಟೆಯಾದ ನಿಂಬೆಯನ್ನು ಹೆಕ್ಕಿ ಇವರು ಜೇಬಿಗೆ ಹಾಕಿಕೊಂಡರು. ಕಾಡಿನಲ್ಲಿ ಪ್ಲಾಸ್ಟಿಕ್ ಬಿಡಬಾರದು.

ಮಧ್ಯಾಹ್ನ ಕಲ್ಲುಕಂಬಗಳು. ಇಡೀ ಗುಡ್ಡವೇ ಕಂಬಗಳದ್ದು, ಒಂದಕ್ಕೊಂದು ಒತ್ತಿಕೊಂಡು, ತುಕ್ಕಿನ ಬಣ್ಣ. ಇವರ ಕೆಲಸವೇ ಗಣಿಗಳ ಬಂಡೆ ಪರೀಕ್ಷಿಸುವುದು. ಅಂಗೈ ಒತ್ತಿ ನಿಂತರು. ಧ್ವನಿ ಬದಲಾಯಿತು.

“ಇದೆಲ್ಲ ಒಂದೇ ಲಾವಾ ಕಣೆ. ತಣ್ಣಗಾಗ್ತಾ ಕುಗ್ಗುತ್ತೆ. ಕುಗ್ಗಿದಾಗ ಬಿರುಕು ಬಿಡುತ್ತೆ. ನಿಧಾನವಾಗಿ ತಣ್ಣಗಾದಷ್ಟೂ ಕಂಬ ದಪ್ಪ.”

“ಸದ್ದಾಗ್ತಿತ್ತಾ, ಬಿರುಕು ಬಿಡೋವಾಗ?”

ಯೋಚಿಸಿದರು. “ಆಗಿರುತ್ತೆ. ಯಾರಿದ್ರು ಕೇಳೋಕೆ.”

ಕಂಬಗಳ ನಡುವೆ ಬೆರಳು ತೂರುವಷ್ಟು ಸಂದು. ಅದರಲ್ಲಿ ಎಲ್ಲೋ ಒಂದು ಹುಲ್ಲಿನೆಳೆ. ನನ್ನ ಪ್ರಶ್ನೆ ಕೇಳಲು ಇದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ. ಇವರು ಖುಷಿಯಾಗಿದ್ದರು. ಕೆಡಿಸಲು ಮನಸ್ಸಾಗಲಿಲ್ಲ.

ಅಕ್ಟೋಬರ್ 2, ಗುರುವಾರ. ಮಧ್ಯಾಹ್ನ

ಬೆಳಿಗ್ಗೆ ಟೆಂಟ್ ಮಡಿಸಿ ಉಪ್ಪಿನ ಸರೋವರ ನೋಡಲು ಹೊರಟಿದ್ದೆವು. ಗಾಡಿಯಿಂದ ಗಾಡಿಗೆ ಮಾತಾಡುವ ರೇಡಿಯೊದಲ್ಲಿ ಒಬ್ಬ ಹೆಂಗಸಿನ ದನಿ. ಹೆಸರು ಶೆರಿಲ್, ಆ ಕುರಿ ಜಮೀನಿನವಳು. ಹೊಂಡದ ಪಕ್ಕದ ಗೇಟನ್ನು ಯಾರೋ ಹಾಕಿದ್ದಾರೆ, ಕುರಿಗಳೆಲ್ಲ ನೀರಿಲ್ಲದೆ ಆಚೆ ಬದಿ ನಿಂತಿವೆ. ಬಿಳೀ ಪ್ರಾಡೊ ಹೋದದ್ದನ್ನು ಯಾರೋ ನೋಡಿದ್ದಾರೆ. ಕೇಳಿಸುತ್ತಿದೆಯಾ?

ತಕ್ಷಣ ಗೊತ್ತಾಯಿತು. ಆ ಗೇಟು ನಾವು ಬಂದಾಗ ತೆಗೆದೇ ಇತ್ತು. ನಾನು ಇಳಿದದ್ದು ತೆಗೆಯಲಿಕ್ಕಲ್ಲ, ಇವರ ಮಾತಿನಿಂದ ತಪ್ಪಿಸಿಕೊಳ್ಳಲಿಕ್ಕೆ. ಇಳಿದ ಮೇಲೆ ಕೈ ತಾನಾಗಿ ಗೇಟು ಎಳೆಯಿತು. ಮೈಸೂರಿನ ನಮ್ಮ ಸರಸ್ವತಿಪುರಂ ಮನೆಯಲ್ಲಿ ಕೊನೆಗೆ ಒಳಗೆ ಬಂದವರು ಗೇಟು ಹಾಕಬೇಕು, ಇಲ್ಲದಿದ್ದರೆ ಬೀದಿ ಹಸು ನುಗ್ಗಿ ಕಾಕಡ ಗಿಡ ಮೇಯುತ್ತಿತ್ತು. ಕಟ್ಟಿದ ಹೂವನ್ನು ದಾರದ ಸಮೇತ ತಿಂದದ್ದೂ ಉಂಟು. ತೆಗೆದ ಗೇಟು ಕಂಡರೆ ಇಂದಿಗೂ ನನ್ನ ಕೈ ಸುಮ್ಮನಿರುವುದಿಲ್ಲ.

ಇವರ ಕೈ ರೇಡಿಯೊ ಕಡೆ ಹೋಯಿತು. ಉತ್ತರಿಸಲಿಕ್ಕೆ ಎಂದುಕೊಂಡೆ. ದನಿ ಸಣ್ಣ ಮಾಡಿದರು.

“ಏನ್ರೀ?”

“ಅವಳೇ ಹೋಗಿ ತೆಗೀತಾಳೆ ಬಿಡು. ಯಾರು ಅಂತ ಗೊತ್ತಾಗಲ್ಲ.”

ಮೈಕ್ ಕಿತ್ತುಕೊಂಡೆ. ಹಿಂದೆಂದೂ ಮುಟ್ಟಿದವಳಲ್ಲ. ಯಾವ ಗುಂಡಿ ಒತ್ತಬೇಕೆಂದು ಇವರನ್ನೇ ಕೇಳಿ, ಒತ್ತಿ, ಹೇಳಿದೆ: ಹಾಕಿದ್ದು ನಾನು. ತಪ್ಪಾಯಿತು. ಬರುತ್ತಿದ್ದೇವೆ.

ವಾಪಸ್ ಹೋಗುವಾಗ ದಾರಿಯ ಗೇಟುಗಳಲ್ಲಿ ಇಳಿದೆ, ನೋಡಿದೆ, ಇದ್ದ ಹಾಗೆ ಬಿಟ್ಟೆ.

ನಾವು ತಲುಪಿದಾಗ ಶೆರಿಲ್ ಗೇಟು ತೆಗೆದಾಗಿತ್ತು. ಕುರಿಗಳು ಹೊಂಡದ ಸುತ್ತ, ಒಂದರ ಮೇಲೊಂದು. ಬೇಲಿ ಪಕ್ಕ ಒಂದು ಮುದಿ ಕುರಿ ಮಲಗಿತ್ತು. ಏಳುವ ಹಾಗಿರಲಿಲ್ಲ. ಶೆರಿಲ್ ನನ್ನ ಕಣ್ಣು ಹೋದ ಕಡೆ ನೋಡಿ, “ಶೀ ವಾಸ್ ಆನ್ ಹರ್ ವೇ ಔಟ್ ಎನಿವೇ, ಲವ್,” ಎಂದಳು. ಸುಳ್ಳಿರಬಹುದು. ಒಳ್ಳೆಯ ಸುಳ್ಳು. “ಹೆಚ್ಚಿನವರು ರೇಡಿಯೊ ಆಫ್ ಮಾಡ್ತಾರೆ,” ಎಂದೂ ಅಂದಳು. ಇವರು ಟೋಪಿ ಸರಿಮಾಡಿಕೊಂಡರು.

ಅದೇ ದಿನ, ಸಂಜೆ. ಮತ್ತೆ ಕಿಂಬಾ

ಬರೆದುಬಿಡಬೇಕು. ನಾಳೆ ಇದೇ ಮಾತುಗಳು ನೆನಪಿರುವುದಿಲ್ಲ, ನಯವಾದ ಬೇರೆ ಮಾತುಗಳು ಬಂದು ಕೂತಿರುತ್ತವೆ.

ಶೆರಿಲ್ ಹೋದ ಮೇಲೂ ಅಲ್ಲೇ ನಿಂತಿದ್ದೆವು, ತೆಗೆದ ಗೇಟಿನ ಹತ್ತಿರ, ಗಾಡಿಯ ನೆರಳಲ್ಲಿ.

“ನಾನು ಗೇಟ್ ಹಾಕಿದ್ದು ನೀವು ನೋಡಿದ್ರಿ.”

“ಕನ್ನಡೀಲಿ ಕಾಣಿಸ್ತು.”

“ಹಾಕಬೇಡ ಅಂತ ಯಾಕೆ ಹೇಳ್ಲಿಲ್ಲ?”

“ನೀನು ಎರಡು ಸಲ ಅಲ್ಲಾಡಿಸಿ ನೋಡ್ದೆ. ಅಷ್ಟು ಶ್ರದ್ಧೆಯಿಂದ ಹಾಕ್ತಿದ್ದೆ. ಹೇಳಿದ್ರೆ ಬೇಜಾರು ಮಾಡ್ಕೋತೀಯ ಅಂತ…”

“ಅಡಿಲೇಡಿಗೆ ಬರ್ತೀನಿ ಅಂದಿದ್ದೂ ಅದಕ್ಕೇನಾ?”

ರಿಹರ್ಸಲ್ ಮಾಡಿದ ಮಾತಲ್ಲ. ಹೇಗೋ ಬಂತು. ಇವರು ಕುರಿಗಳನ್ನು ನೋಡುತ್ತಾ ನಿಂತರು.

“ಮೊದಲ್ನೇ ವರ್ಷ ನಿಜವಾಗ್ಲೂ ಬರೋನಿದ್ದೆ. ಆಮೇಲೆ… ಹೂಂ. ಅದಕ್ಕೇ.”

“ಮೊನ್ನೆ ಏನೋ ಹೇಳೋಕೆ ಹೊರಟಿದ್ರಿ.”

“ವಾಪಸ್ ಬಾ ಅಂತ ಕೇಳೋಣ ಅಂತ. ನಿನ್ನ ಕರ್ಕೊಂಡು ಹೋಗೋಣ ಅಂತಲೇ ಅಷ್ಟು ದೂರದಿಂದ ಗಾಡೀಲಿ ಬಂದಿದ್ದು. ಗಿಡದ ತುಂಬ ನಿಂಬೆಕಾಯಿ. ಕೆಳಗೆ ಬಿದ್ದು ಕೊಳೀತಿವೆ.”

“ಕೀಳಬಹುದಲ್ಲ ನೀವು.”

“ನಾನೊಬ್ನೇ ಎಷ್ಟೂಂತ ಪಾನಕ ಕುಡೀಲಿ?”

ನಗು ಬಂತು. ನಕ್ಕಮೇಲೆ ಕಣ್ಣು ಉರಿಯಿತು. ಧೂಳು ಎಂದುಕೊಳ್ಳಲು ಅಡ್ಡಿಯಿರಲಿಲ್ಲ.

ಇಷ್ಟು ವರ್ಷ ನಾನು ಹೊತ್ತುಕೊಂಡಿದ್ದದ್ದು ಇವರನ್ನು ಕೇಳಬೇಕಾದ ಪ್ರಶ್ನೆ. ನನ್ನನ್ನು ಯಾರಾದರೂ ಕೇಳಿದರೆ ಏನು ಹೇಳುತ್ತೇನೆಂದು ಯೋಚಿಸಿಯೇ ಇರಲಿಲ್ಲ. ಉತ್ತರ ಅಲ್ಲೇ ಇತ್ತು, ಸಿದ್ಧವಾಗಿ.

“ನಾನು ಬರಲ್ಲ ರೀ.”

“ಕೆಲಸಾನಾ?”

“ಕೆಲಸ ಅಲ್ಲ. ನಂಗೆ ಅಡಿಲೇಡು ಒಗ್ಗಿಬಿಟ್ಟಿದೆ. ಒಬ್ಳೇ ಇರೋದು ಇಷ್ಟ ಅಂತಲ್ಲ. ಇಷ್ಟ ಇಲ್ಲ. ಆದ್ರೂ ಬರಲ್ಲ.”

ಸರಿಯಾಗಿ ಹೇಳಿದೆನೇ? ಇದಕ್ಕಿಂತ ಸರಿಯಾಗಿ ಹೇಳಲು ಈಗಲೂ ಬರುತ್ತಿಲ್ಲ.

ಇವರು ತಲೆಯಾಡಿಸಿದರು. ಕೋಪವಿಲ್ಲ. ಕೋಪ ಬಂದಿದ್ದರೆ ಏನಾದರೂ ಆಗುತ್ತಿತ್ತೇನೋ. ಕೀಲಿ ನನ್ನ ಕೈಗಿಟ್ಟು, “ನೀನು ಓಡಿಸು. ಗೇಟು ನಾನು ನೋಡ್ಕೋತೀನಿ,” ಎಂದರು.

ಅಷ್ಟು ದೊಡ್ಡ ಗಾಡಿ ಓಡಿಸಿದ್ದು ಇದೇ ಮೊದಲು. ಮರಳಿನಲ್ಲಿ ಸ್ಟೀರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ. “ಹಿಡಿಬೇಡ ಗಟ್ಟಿಯಾಗಿ. ಅದೇ ದಾರಿ ಹುಡುಕ್ಕೊಳುತ್ತೆ,” ಎಂದರು. ಪ್ರತಿ ಗೇಟಿನಲ್ಲೂ ಇಳಿದರು. ಒಂದು ಕಡೆ ದಾಟಿ ನಿಲ್ಲಿಸಿ ಕನ್ನಡಿ ನೋಡಿದೆ. ಎದ್ದ ಧೂಳಿನೊಳಗೆ ಬೆನ್ನು ಬಗ್ಗಿಸಿ ಚಿಲಕ ಹುಡುಕುತ್ತಿದ್ದರು. ಕನ್ನಡಿಯಲ್ಲಿ ತುಂಬ ಚಿಕ್ಕದಾಗಿ. ಯಾರೋ ಒಬ್ಬ ಮನುಷ್ಯ, ಒಬ್ಬನೇ, ದಾರಿ ಮಧ್ಯೆ. ಇಳಿದು ಹೋಗಬೇಕೆನಿಸಿತು. ಹೋಗಿ ಏನು ಮಾಡುವುದು? ಅಷ್ಟರಲ್ಲಿ ಬಂದು ಹತ್ತಿದರು.

ಅಕ್ಟೋಬರ್ 3, ಶುಕ್ರವಾರ. ಕಿಂಬಾ, ಬೆಳಿಗ್ಗೆ

ನಿನ್ನೆ ರಾತ್ರಿ ಮೋಟೆಲಿನಲ್ಲಿ ಮಂಚದ ಅಂಚು ಮರೆತೆವು. ಇಷ್ಟೇ ಬರೆಯುತ್ತೇನೆ.

ಟಯರಿಗೆ ಗಾಳಿ ತುಂಬಿಸಲು ಇಬ್ಬರೂ ಪೆಟ್ರೋಲ್ ಬಂಕಿಗೆ ಹೋದೆವು. ನನ್ನ ಕಾರಿನ ಟಯರನ್ನೂ ಇವರೇ ನೋಡಿದರು. “ನಿನ್ನ ಗಾಡಿಗೆ ಪೂಜೆಯೇ ಆಗ್ಲಿಲ್ಲ,” ಎಂದು ಜೇಬಿನಿಂದ ಚಪ್ಪಟೆ ನಿಂಬೆ ತೆಗೆದು ನನ್ನ ಡ್ಯಾಶ್‌ಬೋರ್ಡಿನ ಮೇಲಿಟ್ಟರು.

“ತನುಗೆ ಏನು ಹೇಳೋದು?” ಕೇಳಿದೆ.

“ಕಲ್ಲು ಚೆನ್ನಾಗಿತ್ತು ಅಂತ.”

ಬೋರ್ಡಿನ ಮುಂದಿನ ರಸ್ತೆ ಒಂದೇ. ಇವರು ಬಲಕ್ಕೆ, ಪಡುವಲಿಗೆ. ನಾನು ಎಡಕ್ಕೆ. ಕನ್ನಡಿಯಲ್ಲಿ ಸ್ವಲ್ಪ ಹೊತ್ತು ಬಿಳಿಯ ಚುಕ್ಕೆ. ಆಮೇಲೆ ಲಾರಿಯೊಂದು ಅಡ್ಡ ಬಂತು. ಅಡಿಲೇಡಿನ ತನಕ ಎಲ್ಲೂ ಒಂದು ಗೇಟಿಲ್ಲ.

ಅಕ್ಟೋಬರ್ 6, ಸೋಮವಾರ

ರಜೆ. ಏಜೆಂಟಿಗೆ ಉತ್ತರ ಬರೆದೆ. ಇರುತ್ತೇನೆ. ಎರಡು ವರ್ಷಕ್ಕೆ ಸಾಧ್ಯವೇ ಎಂದೂ ಕೇಳಿದೆ. ‘ಇದೊಂದು ವರ್ಷ’ ಎಂಬ ಸುಳ್ಳು ಇನ್ನು ಬೇಡ.

ತನು ಫೋನ್. “ಸೋ? ಡಿಡ್ ಯೂ ಗೈಸ್ ಟಾಕ್?”

“ಆಡಿದ್ವಿ.”

“ಆ್ಯಂಡ್?”

“ಕಲ್ಲು ಚೆನ್ನಾಗಿತ್ತು.”

“ಮಮ್.”

ಹೇಳಿದೆ. ಎಲ್ಲವನ್ನೂ, ಕುರಿಯನ್ನೂ ಸೇರಿಸಿ. ಕೊನೆಗೆ, ಅಪರೂಪಕ್ಕೆ ಕನ್ನಡದಲ್ಲಿ, “ಊಟ ಆಯ್ತಾ ಅಮ್ಮ?” ಎಂದಳು.

ಅಕ್ಟೋಬರ್ 12, ಭಾನುವಾರ

ಇವರ ಫೋನ್ ಬರಲಿಲ್ಲ. ಗಣಿಯ ಸೈಟಿಗೆ ಹೋಗಿರಬೇಕು. ಹಾಗೆಂದು ಮೆಸೇಜಾದರೂ…

ಫಿನ್‌ಲೆಂಡ್ ಮುಗಿಯಿತು. ಕೊನೆಯ ಪುಟ ಓದಿ, ಮತ್ತೆ ಅನುವಾದಕಿಯ ಟಿಪ್ಪಣಿ ಓದಿದೆ. ಹೊಸ ಪುಸ್ತಕ ತೆಗೆಯಲಿಲ್ಲ.

ಅಕ್ಟೋಬರ್ 19, ಭಾನುವಾರ. ಸಂಜೆ

ನರ್ಸರಿಯಿಂದ ಒಂದು ನಿಂಬೆಸಸಿ ತಂದೆ, ಕುಂಡದಲ್ಲಿ. ಹಣ್ಣು ಬಿಡಲು ಮೂರು ವರ್ಷ ಎಂದರು. ಬಾಗಿಲ ಹೊರಗಿನ ಮೆಟ್ಟಿಲ ಪಕ್ಕ ಇಟ್ಟಿದ್ದೇನೆ.

ಇವರ ಫೋನ್ ಬಂತು. ಮೀಸೆ ಮತ್ತೆ ಬಿಡುತ್ತಿದ್ದಾರಂತೆ. ನಿಂಬೆಕಾಯಿಯನ್ನು ಬುಟ್ಟಿಗೆ ತುಂಬಿ ‘ಫ್ರೀ’ ಎಂದು ಬರೆದು ಮನೆಮುಂದಿಟ್ಟರಂತೆ. ಮಧ್ಯಾಹ್ನದೊಳಗೆ ಖಾಲಿ.

“ಯಾವ ದೇಶದಲ್ಲಿದೀಯ?”

“ಎಲ್ಲೂ ಇಲ್ಲ. ಇಲ್ಲೇ ಇದೀನಿ.”

“ಹೌದಾ,” ಎಂದರು. ಹವೆ ಹೇಳಿದರು. ತನು ವಿಷಯ ಹೇಳಿದರು. ಕಾದೆ. ಬಾಗಿಲು ಹಾಕಿದೀನಿ ಎಂಬ ಉತ್ತರವನ್ನು ನಾಲಿಗೆ ತುದಿಯಲ್ಲಿ ಇಟ್ಟುಕೊಂಡೇ ಕಾದೆ.

“ಸರಿ ಹಾಗಾದ್ರೆ, ವೇಣಿ,” ಎಂದು ಇಟ್ಟರು.

ಕೇಳಲಿಲ್ಲ. ಮರೆತದ್ದಲ್ಲ. ಮರೆಯುವವರಲ್ಲ. ಇನ್ನು ಮುಂದೆ ಕೇಳುವ ಮಾತಲ್ಲ ಎಂದುಕೊಂಡಿರಬೇಕು, ನನಗೆ ಬೇಜಾರಾದೀತೆಂದು.

ಫೋನ್ ಕೈಯಲ್ಲೇ ಹಿಡಿದು ಎದ್ದೆ. ಬಾಗಿಲು ಹಾಕಿತ್ತು. ಚಿಲಕವನ್ನು ಎರಡು ಸಲ ಅಲ್ಲಾಡಿಸಿ ನೋಡಿದೆ. ಹಾಕಿದೆ ರೀ, ಎಂದೆ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ. ಆಮೇಲೆ ಸಸಿಗೆ ನೀರು ಹಾಕಿಲ್ಲವೆಂದು ನೆನಪಾಗಿ, ಚಿಲಕ ತೆಗೆದು ಹೊರಗೆ ಬಂದೆ.